ಗೌರಿಬಿದನೂರಿನಿಂದ ಚಿಂತಾಮಣಿಗೆ: ಒಂದು ಹೆದ್ದಾರಿಯ ಪಾಠ

ಬಯಲುಸೀಮೆಯ ಪೂರ್ವದ ಅಂಚಿನಲ್ಲಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ಊರುಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿವೆ. ಹಿಂದೆ 234 ಎಂಬ ಸಂಖ್ಯೆ ಹೊತ್ತಿದ್ದು ಈಗ 69 ಎಂದು ಕರೆಯಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿಯೇ ಆ ದಾರ. ಒಂದು ಕಾಲದಲ್ಲಿ ಕೋಲಾರ ಜಿಲ್ಲೆಗೆ ಸೇರಿದ್ದ ಈ ನಾಲ್ಕೂ ತಾಲ್ಲೂಕುಗಳು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗವಾಗಿವೆ. ಬೆಟ್ಟ, ಕೆರೆ, ರೇಷ್ಮೆ ತೋಟ, ಹೂವಿನ ಹೊಲಗಳ ನಡುವೆ ಸಾಗುವ ಈ ದಾರಿ ನೋಡಲು ಬಲು ಸೊಗಸು. ಆದರೆ ಇದರಲ್ಲಿ ಸಂಚರಿಸುವಾಗಲೆಲ್ಲ ಪ್ರತಿಯೊಂದು ಊರಿನ ಸೊಬಗಿನೊಡನೆ ಅದರದೇ ಆದ ಒಂದು ಅಪಾಯವೂ ನಮ್ಮ ಕಣ್ಣಿಗೆ ಬೀಳುತ್ತದೆ.

ಗೌರಿಬಿದನೂರು ಉತ್ತರ ಪಿನಾಕಿನಿಯ ದಡದ ಊರು. ಸಮೀಪದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿದುದನ್ನು ನಾಡು ಮರೆತಿಲ್ಲ. ಸುಗ್ಗಿಯ ಕಾಲದಲ್ಲಿ ಈ ಸೀಮೆಗೆ ಬಂದವರಿಗೆ ಇನ್ನೊಂದು ನೋಟ ಎದುರಾಗುತ್ತದೆ. ಕಣ ಮಾಡುವ ಪದ್ಧತಿ ಹಿಂದೆ ಸರಿದು, ಡಾಂಬರು ರಸ್ತೆಯೇ ಕಣವಾಗಿದೆ. ರಾಗಿಯ ತೆನೆ, ಹುರುಳಿಯ ಗಿಡಗಳನ್ನು ರಸ್ತೆಗೆ ಹರಡಿ, ಹೋಗಿ ಬರುವ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುತ್ತಾರೆ. ಆಳಿನ ಕೊರತೆ, ಕೂಲಿಯ ದುಬಾರಿಗಳನ್ನು ಬಲ್ಲ ನಾವು ರೈತನನ್ನು ಹಳಿಯಲಾರೆವು. ಆದರೆ ಒಣಗಿದ ಹುಲ್ಲಿನ ಮೇಲೆ ಬ್ರೇಕ್ ಹಿಡಿದ ದ್ವಿಚಕ್ರ ವಾಹನ ಜಾರುತ್ತದೆ. ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡರೆ ಬಿಸಿಗೆ ಬೆಂಕಿಯೂ ಹೊತ್ತಿಕೊಳ್ಳುತ್ತದೆ. ಒಂದು ಮನೆಯ ಕಾಳು ಹಸನಾಗುವಲ್ಲಿ ಇನ್ನೊಂದು ಮನೆಯ ದೀಪ ನಂದಬಾರದು.

ಮಂಚೇನಹಳ್ಳಿಯನ್ನು ದಾಟಿ ಗುಡ್ಡಗಳ ನಡುವೆ ಸಾಗಿದರೆ ಚಿಕ್ಕಬಳ್ಳಾಪುರ. ಇಲ್ಲಿ ನಮ್ಮ ದಾರಿಯು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೆಯ ಹೆದ್ದಾರಿಯನ್ನು ಸಂಧಿಸುತ್ತದೆ. ಒಂದೆಡೆ ಭೋಗನಂದೀಶ್ವರನ ಪುರಾತನ ದೇಗುಲವನ್ನು ಮಡಿಲಲ್ಲಿಟ್ಟುಕೊಂಡ ನಂದಿ ಬೆಟ್ಟ. ಇನ್ನೊಂದೆಡೆ 2023ರಲ್ಲಿ ಆವಲಗುರ್ಕಿಯ ಬಳಿ ಅನಾವರಣಗೊಂಡ ಆದಿಯೋಗಿಯ ಮೂರ್ತಿ. ರಜೆಯ ದಿನಗಳಂದು ರಾಜಧಾನಿಯೇ ಇತ್ತ ಹರಿದು ಬರುತ್ತದೆ. ಸೂರ್ಯೋದಯ ನೋಡುವ ತವಕದಲ್ಲಿ ನಸುಕಿಗೇ ಹೊರಟ ತರುಣರು ಬೈಕುಗಳನ್ನು ಪಂದ್ಯಕ್ಕೆ ಬಿಟ್ಟವರಂತೆ ಓಡಿಸುವುದನ್ನು ಕಂಡಾಗ ಎದೆ ನಡುಗುತ್ತದೆ.

ಈ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರದ ಹೊರವಲಯದಲ್ಲೇ 2023ರ ಅಕ್ಟೋಬರ್ 26ರ ಬೆಳಿಗ್ಗೆ ಘೋರವಾದ ದುರಂತವೊಂದು ಸಂಭವಿಸಿತು. ಆಂಧ್ರದ ಕಡೆಯಿಂದ ಬೆಂಗಳೂರಿನತ್ತ ಬರುತ್ತಿದ್ದ ಟಾಟಾ ಸುಮೊ ವಾಹನವು ಮುಂಜಾವಿನ ಮಂಜಿನಲ್ಲಿ, ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಅಪ್ಪಳಿಸಿ 13 ಜನ ಪ್ರಾಣ ಕಳೆದುಕೊಂಡರು. ವಿಜಯದಶಮಿ ಕಳೆದು ಆಗ ಎರಡೇ ದಿನ.

ಇಂತಹ ಅಪಘಾತಗಳ ಮರ್ಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಣ್ಣು ಅಡ್ಡಿಯನ್ನು ಕಂಡು ಕಾಲು ಬ್ರೇಕನ್ನು ಒತ್ತಲು ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರೊಳಗೆ ಅದು 30 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ. ವಾಹನ ನಿಲ್ಲತೊಡಗುವುದು ಆಮೇಲೆ. ಮಂಜಿನಲ್ಲಿ 30 ಮೀಟರಿನಾಚೆ ಏನೂ ಕಾಣದಿದ್ದರೆ ಆ ವೇಗದಲ್ಲಿ ಹೋಗುವವನು ಕಣ್ಣು ಕಟ್ಟಿಕೊಂಡು ಓಡಿದಂತೆಯೇ ಸರಿ. ಹೆದ್ದಾರಿಯ ಮಗ್ಗುಲಲ್ಲಿ ದೀಪವಿಲ್ಲದೆ, ಎಚ್ಚರಿಕೆಯ ಗುರುತಿಲ್ಲದೆ ಲಾರಿ ನಿಲ್ಲಿಸಿ ಚಹಾ ಕುಡಿಯಲು ಹೋಗುವವನದೂ ಇಷ್ಟೇ ದೊಡ್ಡ ಅಪರಾಧ.

ಚಿಕ್ಕಬಳ್ಳಾಪುರದಿಂದ ಪೂರ್ವಕ್ಕೆ ಹೊರಟರೆ ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಗೆ ನಾಡಿನಲ್ಲೆಲ್ಲ ಹೆಸರಾದ ಊರು. ಗೂಡಿನೊಳಗಿನ ಹುಳು ಪತಂಗವಾಗಿ ಹೊರಬಂದರೆ ನೂಲು ತುಂಡಾಗಿ ಬೆಲೆ ಬೀಳುತ್ತದೆ. ಆದಕಾರಣ ಗೂಡು ಬಿಡಿಸಿದ ರೈತನಿಗೆ ಅವಸರ ಸಹಜ. ಹರಾಜಿನ ವೇಳೆಗೆ ತಲುಪಲು ಮಂಕರಿ, ಚೀಲಗಳನ್ನು ಹೇರಿದ ವಾಹನಗಳು ಬೆಳಕು ಹರಿಯುವ ಮುನ್ನವೇ ಓಡುತ್ತವೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮೊಪೆಡ್ಡುಗಳ ಹಿಂದಿನ ದೀಪ ಸೊಪ್ಪಿನಲ್ಲಿ ಮರೆಯಾಗಿರುತ್ತದೆ. ಇಲ್ಲಿಯೂ ಒಂದು ಲೆಕ್ಕ ಹಾಕೋಣ. 30 ಕಿಲೋಮೀಟರ್ ದಾರಿಯನ್ನು 60ರ ಬದಲು 80ರ ವೇಗದಲ್ಲಿ ಕ್ರಮಿಸಿದರೆ ಉಳಿಯುವುದು ಏಳೂವರೆ ನಿಮಿಷ ಮಾತ್ರ! ಹತ್ತು ನಿಮಿಷ ಮುಂಚೆ ಮನೆ ಬಿಟ್ಟರೆ ಆ ಲಾಭ ಅಪಾಯವಿಲ್ಲದೆಯೇ ದೊರೆಯುತ್ತದೆ. ಸಮಯಪಾಲನೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇರುವುದು ಇದೇ ಜಿಲ್ಲೆಯಲ್ಲಿ. ಹೊತ್ತಿಗೆ ಸರಿಯಾಗಿ ತಲುಪುವವನು ವೇಗವಾಗಿ ಓಡುವವನಲ್ಲ, ಹೊತ್ತಿಗೆ ಮುನ್ನ ಹೊರಡುವವನು.

ನಾಲ್ಕನೆಯ ಊರು ಚಿಂತಾಮಣಿ. ಟೊಮೇಟೊ ವ್ಯಾಪಾರದ ಗಡಿಬಿಡಿ, ಕೈವಾರಕ್ಕೂ ಮುರುಗಮಲ್ಲಕ್ಕೂ ಹೋಗುವ ಯಾತ್ರಿಕರ ಸಂದಣಿ, ಆಂಧ್ರದ ಗಡಿಯ ಓಡಾಟ, ಎಲ್ಲವೂ ಇಲ್ಲಿ ಕೂಡುತ್ತವೆ. 2021ರ ಸೆಪ್ಟೆಂಬರ್ 12ರಂದು ಈ ತಾಲ್ಲೂಕಿನ ಮರಿನಾಯಕನಹಳ್ಳಿಯ ಬಳಿ ಪ್ರಯಾಣಿಕರನ್ನು ತುಂಬಿಕೊಂಡಿದ್ದ ಜೀಪೂ ಲಾರಿಯೂ ಡಿಕ್ಕಿಯಾಗಿ ಎಂಟು ಜನ ಅಸುನೀಗಿದರು. ಹೊತ್ತಿಗೆ ಬಸ್ಸು ಸಿಗದ ಹಳ್ಳಿಗರಿಗೆ ಜೀಪು, ಆಟೋಗಳೇ ಗತಿ ಎಂಬುದು ನಿಜ. ಆದರೆ ನಮ್ಮ ಮದುವೆ, ಗೃಹಪ್ರವೇಶ, ಜಾತ್ರೆಗಳಿಗೆ ಬಂಧುಬಳಗವನ್ನು ಸರಕಿನ ಟೆಂಪೊದಲ್ಲಿ ನಿಲ್ಲಿಸಿ ಕರೆದೊಯ್ಯುವುದಕ್ಕೆ ಯಾವ ಸಮರ್ಥನೆಯಿದೆ? ಛತ್ರಕ್ಕೂ ಅಡುಗೆಗೂ ಲಕ್ಷಗಟ್ಟಲೆ ಸುರಿಯುವ ನಾವು ಬಸ್ಸಿನ ಬಾಡಿಗೆಯಲ್ಲಿ ಮಿತವ್ಯಯ ಮಾಡಹೊರಡುವುದು ವಿಷಾದದ ಸಂಗತಿ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅನಾಹುತವಾದರೆ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ.

ಹೀಗೆ ನಾಲ್ಕು ಊರುಗಳನ್ನು ದಾಟುವಷ್ಟರಲ್ಲಿ ಒಂದು ಮಾತು ನಮಗೆ ಮನವರಿಕೆಯಾಗುತ್ತದೆ. ರಸ್ತೆಯ ಅವ್ಯವಸ್ಥೆ ರಸ್ತೆಯಲ್ಲಿ ಹುಟ್ಟುವುದಿಲ್ಲ, ನಮ್ಮ ಮನೆಯಂಗಳದಲ್ಲಿ ಹುಟ್ಟುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದಿದ್ದವರು. ಆ ಒಬ್ಬೊಬ್ಬರೂ ಯಾವುದೋ ಮನೆಯ ಹೊಸ್ತಿಲು ದಾಟಿಯೇ ಹೊರಟಿದ್ದರು. ಹಾಗೆ ಹೊರಡುವವರನ್ನು ತಡೆದು ನಿಲ್ಲಿಸಿ ಹೇಳಬಲ್ಲವರು ಮನೆಯವರೇ ಹೊರತು ಪೊಲೀಸರಲ್ಲ.

ಮೀಸೆ ಮೂಡದ ಮಗ ಬೈಕು ಓಡಿಸುವುದನ್ನು ಕಂಡು ಹಿಗ್ಗುವ ತಂದೆತಾಯಿಗಳಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧ ಎಸಗಿದರೆ ಹೊಣೆ ಪೋಷಕರದು ಇಲ್ಲವೆ ವಾಹನದ ಮಾಲೀಕರದು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ದೊರೆಯದು. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಹಿಂದೆ ಕುಳಿತ ಗೃಹಿಣಿಗೂ ನಡುವೆ ಕುಳಿತ ಮಗುವಿಗೂ ತಲೆ ಒಂದೇ ಅಲ್ಲವೆ?

ಇನ್ನೊಂದು ಮಾತು. ದಾರಿಯಲ್ಲಿ ಬಿದ್ದವರನ್ನು ಕಂಡರೆ ಕೋರ್ಟು ಕಚೇರಿಯ ಅಲೆದಾಟಕ್ಕೆ ಅಂಜಿ ಮುಖ ತಿರುಗಿಸುವವರು ಇನ್ನೂ ಇದ್ದಾರೆ. ಆ ಅಂಜಿಕೆಗೆ ಈಗ ಕಾರಣವಿಲ್ಲ. ಸದುದ್ದೇಶದಿಂದ ನೆರವಾದವರಿಗೆ ಅದೇ ಕಾಯಿದೆ ರಕ್ಷಣೆ ನೀಡಿದೆ. ಹೆಸರು ಹೇಳಲೇಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ. 108ಕ್ಕೆ ಕರೆ ಮಾಡುವುದು, ಗಾಯಾಳುವಿನ ಸುತ್ತ ಗುಂಪು ಸೇರದಂತೆ ನೋಡಿಕೊಳ್ಳುವುದು ಎಲ್ಲರಿಂದಲೂ ಆಗುವ ಸೇವೆ.

ಮನೆಗಳಲ್ಲಿ ಬಾಗಿಲ ಬಳಿಯ ಗೋಡೆಯಲ್ಲಿ ವಾಹನದ ಬೀಗದ ಕೈ ತೂಗುಹಾಕುವ ಗೂಟವೊಂದಿರುತ್ತದೆ. ಅದರ ಪಕ್ಕದಲ್ಲಿ ಇನ್ನೆರಡು ಗೂಟ ಹೊಡೆದು ಎರಡು ಹೆಲ್ಮೆಟ್ ತೂಗುಹಾಕೋಣ. ಬೀಗದ ಕೈ ತೆಗೆದುಕೊಳ್ಳುವವನು ಅವನ್ನೂ ತೆಗೆದುಕೊಳ್ಳದೆ ಹೊರಟರೆ, ಮನೆಯ ಹಿರಿಯರು ಊಟದ ತಟ್ಟೆ ಬಿಟ್ಟಾದರೂ ಎದ್ದು ಬಂದು ತಡೆಯಲಿ.