ಬೆಂಡೋಲೆ ಹುಡುಕುವ ಯಂತ್ರ

ಮೊನ್ನೆ ನಮ್ಮನೆ ಅಳಿಯ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಯಂತ್ರ ಹಿಡಿದು ಹಿತ್ತಲಲ್ಲಿ ತಿರುಗುತ್ತಿದ್ದ. ಬೇಲಿಯಾಚೆಯಿಂದ ಇಬ್ಬರು ಕೇಳಿದರು, "ಅಳಿಯಂದ್ರು ಕಳೆಗೆ ಔಷಧಿ ಹೊಡೀತ್ರನೇ?" ಹೇಳಿ. ಸಂಜೆ ಹಾಲಿಗೆ ಬಂದ ಇನ್ನೊಬ್ಬರು ದನಿ ತಗ್ಗಿಸಿ, "ನಿಧಿ ಇದ್ದಡನೇ?" ಅಂದರು. ಮಾವಿನಕುರ್ವೆಯ ಸುದ್ದಿ ಹೊಳೆ ದಾಟುವುದಕ್ಕೆ ದೋಣಿ ಬೇಡ, ನಿಮಗೆಲ್ಲ ಗೊತ್ತಿದ್ದು. ಅದಕ್ಕೇ ಇದ್ದದ್ದು ಇದ್ದ ಹಾಗೆ ನಾನೇ ಬರೆದುಬಿಡುವಾ ಹೇಳಿ ಕೂತಿದ್ದೇನೆ. ನಿಧಿ ಇಲ್ಲೆ. ಕಳೆದುಹೋದ ಒಂದು ಬೆಂಡೋಲೆಯ ಕಥೆ ಇದ್ದು.

ಕೂಸು, ಅಳಿಯ ಇಬ್ಬರೂ ಇಂಗ್ಲೆಂಡಿನಲ್ಲಿ ಇರುವುದು. ಹೋದ ವರ್ಷ ಒಂದಿನ ಫೋನು ಮಾಡಿ, "ಆಯಿ, ಯಂಗ ಇಬ್ರೂ ಹೊಸ ಹವ್ಯಾಸ ಶುರು ಮಾಡಿದ್ಯ. ಮಣ್ಣಲ್ಲಿ ಹಳೇ ನಾಣ್ಯ ಹುಡುಕದು. ಯಾವ ಯಂತ್ರ ತಗಳದು ಹೇಳಿ ಗೊತ್ತಾಗ್ತಿಲ್ಲೆ" ಅಂತು. ಅಲ್ಲಿ ರಜೆಯ ದಿನ ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಯಾರದೋ ಗದ್ದೆಗೆ ಹೋಗಿ ಈ ಕೆಲಸ ಮಾಡುತ್ತಾರಂತೆ. ನನಗೆ ಯಂತ್ರದ ಗಂಧಗಾಳಿ ಇಲ್ಲ. ಆದರೆ ಗ್ರೈಂಡರ್ ಕೊಳ್ಳುವಾಗ ಅಂಗಡಿಯವನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೆ ಹೇಳುವುದು ಅದಕ್ಕೆ ನೆನಪಿತ್ತು. ಅವೇ ಪ್ರಶ್ನೆ ಇಲ್ಲೂ ಕೇಳಿದೆ. ಎಲ್ಲಿ ಬಳಸುವುದು? ಎಷ್ಟು ಭಾರ? ನೀರು ತಾಗಿದರೆ ಎಂತ ಆಗ್ತು? ಇಬ್ಬರಿಗೂ ಒಂದೊಂದು ಬೇಕಾ, ಒಂದೇ ಸಾಕಾ?

ಹದಿನೈದು ದಿನ ಅವರು ಓದಿ ಓದಿ ಹೇಳಿದ್ದು, ನಾನು ಕೇಳಿ ಕೇಳಿ ತಿಳಿದಿದ್ದು ಇಷ್ಟು. ಇದು ಅಯಸ್ಕಾಂತ ಅಲ್ಲ. ಅಯಸ್ಕಾಂತಕ್ಕೆ ಚಿನ್ನ ಅಂಟುವುದಿಲ್ಲ, ಇದಕ್ಕೆ ಚಿನ್ನವೂ ಗೊತ್ತಾಗುತ್ತದೆ. ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಆಗುವಾಗ ಮಣ್ಣೊಳಗಿನ ಲೋಹದಲ್ಲೂ ಸಣ್ಣ ಕರೆಂಟು ಹುಟ್ಟುತ್ತದೆ. ಯಂತ್ರ ಅದನ್ನು ತಿಳಿದು ಕೂಗುತ್ತದೆ. ಈ ಹಿಂದೆ ಮುಂದೆ ಆಗುವ ಲೆಕ್ಕಕ್ಕೇ ಫ್ರೀಕ್ವೆನ್ಸಿ ಅನ್ನುವುದು. ಅದು ಕಡಿಮೆ ಇದ್ದರೆ ಆಳದ ದೊಡ್ಡ ನಾಣ್ಯಕ್ಕೆ ಒಳ್ಳೆಯದು, ಹೆಚ್ಚಿದ್ದರೆ ಸಣ್ಣ ಚಿನ್ನದ ಚೂರಿಗೆ ಒಳ್ಳೆಯದು. ಹೊಸಬರಿಗೆ ನಡುವಿನದೊಂದು ಸಾಕು. ಸಮುದ್ರದ ಒದ್ದೆ ಹೊಯ್ಗೆಯಲ್ಲೇ ಹುಡುಕುವುದಾದರೆ ಮಾತ್ರ ಒಂದೇ ಸಲ ಹಲವು ಫ್ರೀಕ್ವೆನ್ಸಿ ಬಳಸುವಂಥದ್ದು ತೆಗೆದುಕೊಳ್ಳಬೇಕು. ಉಪ್ಪುನೀರೇ ಒಂದು ಲೋಹದ ಹಾಗೆ ಕಂಡು, ಒಂದೇ ಫ್ರೀಕ್ವೆನ್ಸಿಯದ್ದು ಸುಮ್ಮಸುಮ್ಮನೆ ಕೂಗುತ್ತದೆ.

ಅಮೆರಿಕದ ಗ್ಯಾರೆಟ್, ಟರ್ಕಿಯ ನೋಕ್ಟಾ, ಆಸ್ಟ್ರೇಲಿಯದ ಮೈನ್‌ಲ್ಯಾಬ್ ಹೇಳಿ ಕಂಪನಿಗಳ ಹೆಸರು ಓದಿದರು. ನಾನು ಹೇಳಿದೆ, "ಹೆಸ್ರು ಆಮೇಲೆ. ಮೊದ್ಲು ಕೈಯಲ್ಲಿ ಹಿಡಿದು ಅರ್ಧ ಗಂಟೆ ಬೀಸಿ ನೋಡಿ." ಅಂಗಡಿಯಲ್ಲಿ ಒಂದೂಕಾಲು ಕೇಜಿ ಹಗುರವೇ. ಎರಡು ತಾಸು ಬೀಸಿದ ಮೇಲೆ ಭುಜಕ್ಕೆ ಅದರ ಭಾರ ಗೊತ್ತಾಗುವುದು. ಕೂಸಿಗೆ ಮೊದಲೇ ಮೊಣಕೈ ನೋವು.

ಇನ್ನು ಎರಡು ಯಂತ್ರದ ವಿಚಾರ. ಒಂದೇ ಫ್ರೀಕ್ವೆನ್ಸಿಯ ಎರಡು ಯಂತ್ರ ಅಕ್ಕಪಕ್ಕ ಬಂದರೆ ಒಂದರ ಕೂಗು ಇನ್ನೊಂದಕ್ಕೆ ಕೇಳಿ ಎರಡೂ ಗಲಾಟೆ ಮಾಡುತ್ತವಂತೆ. ಗಂಡ ಹೆಂಡತಿ ಒಂದು ಗದ್ದೆಯ ಆ ತುದಿ ಈ ತುದಿ ಹಿಡಿಯಬೇಕು. ಹಾಗಾದರೆ ಜೊತೆಗೆ ಹೋಗಿ ಎಂತ ಬಂತು? "ಮೊದ್ಲು ಒಂದೇ ತಗಳಿ. ಒಬ್ರು ಬೀಸಿ, ಒಬ್ರು ಅಗೀರಿ" ಅಂದೆ. ಉಳಿದ ದುಡ್ಡಿಗೆ ಪಿನ್‌ಪಾಯಿಂಟರ್ ಬಂತು. ಅದು ಮೂಲಂಗಿಯಷ್ಟು ಉದ್ದದ್ದು. ಅಗೆದ ಗುಂಡಿಯೊಳಗೆ ಚುಚ್ಚಿದರೆ ವಸ್ತು ಯಾವ ಬದಿಗೆ ಇದ್ದು ಹೇಳುತ್ತದೆ. ಅದಿಲ್ಲದಿದ್ದರೆ ಒಂದು ಗುಂಡಿ ಅಗೆಯುವಲ್ಲಿ ನಾಲ್ಕು ಅಗೆಯಬೇಕು. ಹೊಸ ಜೋಡಿಗಳಿಗೆ ಇದೇ ನನ್ನ ಸಲಹೆ: ಯಂತ್ರ ಒಂದು, ಪಿನ್‌ಪಾಯಿಂಟರ್ ಒಂದು, ಹೆಡ್‌ಫೋನ್ ಒಂದು, ಗಟ್ಟಿ ಕೈಗುದ್ದಲಿ ಒಂದು. ಜಗಳ ಬಂದರೆ ಆಮೇಲೆ ಎರಡನೆಯದು.

ಅಲ್ಲಿಯ ಒಂದು ಕಥೆ ಅಳಿಯ ಹೇಳಿದ್ದು ನನಗೆ ಭಾಳ ಹಿಡಿಸಿತು. 1992ರ ನವೆಂಬರಿನಲ್ಲಿ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಗದ್ದೆಯಲ್ಲಿ ಕಳೆಯಿತು. ಹುಡುಕಿಕೊಡು ಹೇಳಿ ಎರಿಕ್ ಲಾಸ್ ಎಂಬ ಪರಿಚಯದವನನ್ನು ಕರೆದ. ಸುತ್ತಿಗೆ ಹುಡುಕಹೋದರೆ ಸಿಕ್ಕಿದ್ದು ರೋಮನ್ನರ ಕಾಲದ ಸುಮಾರು 15,000 ನಾಣ್ಯ, ಚಿನ್ನದ ಬಳೆ, ಬೆಳ್ಳಿ ಚಮಚ! ಆ ಮನುಷ್ಯ ಎಲ್ಲ ಬಾಚಿಕೊಳ್ಳದೆ ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಿದ. ಆಮೇಲೆ ಸುತ್ತಿಗೆಯೂ ಸಿಕ್ಕಿತಂತೆ. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಇದ್ದು. ಅಲ್ಲಿ ಗದ್ದೆಯ ಯಜಮಾನನ ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. 1996ರ ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು.

ಈ ಸಲ ಊರಿಗೆ ಬರುವಾಗ ಯಂತ್ರವನ್ನು ಬಿಚ್ಚಿ ತಂದಿದ್ದರು. ಅಳಿಯನಿಗೆ ಗೇರುಸೊಪ್ಪೆಯ ಚತುರ್ಮುಖ ಬಸದಿಯ ಸುತ್ತ, ಮಿರ್ಜಾನ ಕೋಟೆಯ ಹತ್ತಿರ ಒಂದು ಸುತ್ತು ಬೀಸುವ ಆಸೆ. ಚೆನ್ನಭೈರಾದೇವಿ ಆಳಿದ ಸೀಮೆ, ಕಾಳುಮೆಣಸಿನ ವ್ಯಾಪಾರದ ಜಾಗ, ಆಸೆ ಹುಟ್ಟುವುದು ಸಹಜ. "ಅಲ್ಲಿ ಹೋದ್ರೆ ಕೈಮುಗಿದು ಬನ್ನಿ, ಯಂತ್ರ ಮುಟ್ಟಡಿ" ಅಂದೆ. ಅವೆಲ್ಲ ಸರ್ಕಾರ ಕಾಯುವ ಜಾಗ, ಒಂದು ಹಿಡಿ ಮಣ್ಣನ್ನೂ ಅಗೆಯುವಂತಿಲ್ಲ. ನಿಧಿಗೆ ಬ್ರಿಟಿಷರ ಕಾಲದಲ್ಲೇ 1878ರ ಕಾಯ್ದೆ ಬಂತು, ನಮ್ಮ ರಾಜ್ಯದ್ದು 1962ರದ್ದು ಬೇರೆ ಇದೆ. ಸಿಕ್ಕಿದ್ದನ್ನು ಪೆಟ್ಟಿಗೆಗೆ ಹಾಕಿ ಸುಮ್ಮನಿರುವ ಹಾಗಿಲ್ಲ. ಕಾಸರಕೋಡಿನ ಸಮುದ್ರದ ಬದಿಗೆ ಒಂದಿನ ಹೋದರು. ಒದ್ದೆ ಹೊಯ್ಗೆಯಲ್ಲಿ ಯಂತ್ರ ಕೂಗೇ ಕೂಗಿತು. ಅಲ್ಲಿಗೆ ಆ ಆಸೆ ಮುಗಿಯಿತು.

ಆಗ ಕೂಸೇ ಹೇಳಿದ್ದು, "ನಮ್ಮನೆ ಬೆಂಡೋಲೆ ಹುಡುಕನ!"

ಬೆಂಡೋಲೆ ಅತ್ತೆಯದ್ದು. 1991ರ ಮಳೆಗಾಲ ಮುಗಿಯುವ ಹೊತ್ತಿಗೆ ಕಳೆದಿದ್ದು. ನಾನು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಅಂಗಳ ಗುಡಿಸುವುದಕ್ಕೆ, ಸೋಗೆ ಹೆಕ್ಕುವುದಕ್ಕೆ ಹೊಳೆಬದಿಯಿಂದ ಒಬ್ಬಳು ಬರುತ್ತಿದ್ದಳು. ಮರುದಿನ ಬೆಳಿಗ್ಗೆ ಅತ್ತೆ ಅವಳ ಹತ್ತಿರ ಕೇಳಿದ್ದು ಒಂದೇ ಮಾತು: "ನಿನ್ನೆ ಅಂಗಳ ಗುಡ್ಸಿದ್ದು ನೀನೇ ಅಲ್ದ?" ಆಕೆ ಎಂತದೂ ಹೇಳಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಹೋದವಳು ಮತ್ತೆ ಬರಲಿಲ್ಲ. ಮನೆಯಲ್ಲಿ ಅಂದಿನಿಂದ ಬೆಂಡೋಲೆ "ಅಂಗಳದಲ್ಲಿ ಬಿದ್ದಿದ್ದು" ಹೇಳಿಯೇ ಆಯಿತು. ಕೂಸು ಬೆಳೆದಿದ್ದೂ ಅದನ್ನೇ ಕೇಳಿಕೊಂಡು.

ಅಳಿಯ ಅಂಗಳದಲ್ಲೇ ಶುರು ಮಾಡಿದ. ಚಿರೆಕಲ್ಲಿನ ಮಣ್ಣು ತುಂಬಿದ ಅಂಗಳ ನಮ್ಮದು. ಆ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಇದ್ದು, ಯಂತ್ರಕ್ಕೆ ತಲೆಕೆಟ್ಟ ಹಾಗಾಯಿತು. ತಟ್ಟೆಯನ್ನು ನೆಲದ ಮೇಲೆ ನಾಲ್ಕಾರು ಸಲ ಎತ್ತಿ ಇಳಿಸಿ, ಈ ಮಣ್ಣಿನ ದನಿ ಇಷ್ಟು ಹೇಳಿ ಅದಕ್ಕೆ ಕಲಿಸಿದ ಮೇಲೆ ಸುಮ್ಮನಾಯಿತು. ಸಿಕ್ಕಿದ್ದು ಮೊಳೆ, ಬಾಟ್ಲಿ ಮುಚ್ಚಳ, ಮಾತ್ರೆಯ ಹಾಳೆ, ಅಲ್ಯುಮಿನಿಯಂನ ಹತ್ತು ಪೈಸೆ. ಹಾಳೆ ಬೇಡ ಹೇಳಿ ಯಂತ್ರದಲ್ಲಿ ತೆಗೆದುಹಾಕಬಹುದು. ಆದರೆ ಆ ಹಾಳೆ, ಸಣ್ಣ ಚಿನ್ನ ಎರಡರದ್ದೂ ದನಿ ಹೆಚ್ಚುಕಡಿಮೆ ಒಂದೇ. ಕಸ ಬೇಡ ಅಂದರೆ ಚಿನ್ನವೂ ತಪ್ಪುತ್ತದೆ.

ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಅಂಗಳ ಬಿಡಿ. ಕೊಟ್ಟಿಗೆ ಹತ್ರ ನೋಡಿ, ಗೊಬ್ಬರ ಹಾಕ್ತಿದ್ದ ತೆಂಗಿನ ಬುಡದಲ್ಲಿ ನೋಡಿ" ಅಂದೆ.

ಕೂಸು ತಿರುಗಿ ನೋಡಿತು. "ಆಯಿ, ಕೊಟ್ಟಿಗೆ ಹತ್ರ ಹೇಳಿ ನಿಂಗೆ ಹೆಂಗೆ ಗೊತ್ತು?"

ಜಗುಲಿಯಲ್ಲಿ ಅತ್ತೆ ಕೂತಿದ್ದರು. ವಯಸ್ಸು 84, ಕಿವಿ ಮಾತ್ರ ಚುರುಕು. ಮೂವತ್ತು ವರ್ಷ ಮೇಲಾದ ಮಾತನ್ನು ಆಗ ಹೇಳಿದೆ. ಆ ದಿನ ಸಂಜೆ ದೀಪ ಹಚ್ಚುವಾಗ ಅತ್ತೆಯ ಎರಡು ಕಿವಿಯಲ್ಲೂ ಬೆಂಡೋಲೆ ಇತ್ತು. ದೀಪದ ಬೆಳಕಿಗೆ ಹೊಳೆದಿದ್ದು ನಾನೇ ನೋಡಿದ್ದೆ. ಗುಡಿಸುವವಳು ಅದಕ್ಕಿಂತ ಎಷ್ಟೋ ಮುಂಚೆ ಮನೆಗೆ ಹೋಗಿದ್ದಳು. ದೀಪ ಹಚ್ಚಿದ ಮೇಲೆ ಅತ್ತೆ ಹೋಗಿದ್ದು ಹಾಲು ಕರೆಯುವುದಕ್ಕೆ. ಹೊಸ ಸೊಸೆ, ಬಾಯಿ ಬರಲಿಲ್ಲ. ಇವತ್ತು ಹೇಳುವಾ, ನಾಳೆ ಹೇಳುವಾ ಅಂತ ವರ್ಷಗಳೇ ಹೋದವು.

ಅತ್ತೆ ಸುಮಾರು ಹೊತ್ತು ಸುಮ್ಮನಿದ್ದು ಅಂದರು, "ಬೈತಿದ್ದೆ ಖರೆ. ಆದ್ರೂ ಹೇಳಕಾಗಿತ್ತು ನೀನು." ಮತ್ತೆ ಸ್ವಲ್ಪ ಬಿಟ್ಟು, "ಆನೂ ಕೊಟ್ಟಿಗೆ ಬದಿಗೆ ಹುಡುಕಿದ್ನಿಲ್ಲೆ. ಮಾತು ಆಡಿ ಆಗಿತ್ತು."

ಎರಡು ದಿನ ತೆಂಗಿನ ಬುಡವೆಲ್ಲ ಹುಡುಕಿದರು. ಬೆಂಡೋಲೆಯಷ್ಟು ಸಣ್ಣದ್ದು ಗೇಣುದ್ದ ಆಳಕ್ಕೆ ಹೋದರೂ ಇಂಥ ಯಂತ್ರಕ್ಕೆ ಕಾಣುವುದು ಕಷ್ಟವಂತೆ. ಮೂವತ್ತು ವರ್ಷ ಅಗೆದು ಗೊಬ್ಬರ ಹಾಕಿದ ನೆಲ ಬೇರೆ. 2024ರಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಯಲ್ಲಿ ಅಷ್ಟು ದೊಡ್ಡ ಲಾರಿ ಸಿಕ್ಕುವುದಕ್ಕೇ ಎರಡು ತಿಂಗಳ ಮೇಲೆ ಬೇಕಾಯಿತು, ನೆನಪಿದ್ದಲ್ಲ. ಮುರಿದ ಕತ್ತಿ ಸಿಕ್ಕಿತು. ಹಸುವಿನ ಕೊರಳ ಗಂಟೆ ಒಂದು ಸಿಕ್ಕಿತು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ, "ಗೌರಿದು" ಅಂದರು. ಬೆಂಡೋಲೆ ಸಿಕ್ಕಲಿಲ್ಲ.

ಮೂರನೇ ದಿನ ಹಲಸಿನ ಹಪ್ಪಳ, ಒಂದು ಹೆಡಿಗೆ ಕಾಯಿ ಹಿಡಿದು ಹೊಳೆಬದಿಗೆ ನಾನೊಬ್ಬಳೇ ಹೋದೆ. ಆಕೆಗೂ ಕೂದಲು ಬೆಳ್ಳಗಾಗಿದೆ. ಬಲೆ ಒಣಹಾಕಿದ ಅಂಗಳದಲ್ಲಿ ಮೊಮ್ಮಗುವನ್ನು ಎತ್ತಿಕೊಂಡಿದ್ದಳು. ಕಂಡಿದ್ದು, ಹೇಳದೆ ಇದ್ದಿದ್ದು, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಆಕೆ ಕೇಳಿದ್ದು, "ಗೊಬ್ಬರದ ಗುಂಡಿಲಿ ನೋಡಿದ್ರಾ ಅಮ್ಮ? ಅವತ್ತೇ ಹೇಳ್ಬೇಕು ಅಂತ ಇದ್ದೆ. ಕೇಳೂಕೆ ಯಾರಿದ್ರು?" ಹಪ್ಪಳ ತೆಗೆದುಕೊಂಡಳು. ಕಾಯಿ ಬೇಡ ಅಂದಳು. ಚಾ ಕೊಟ್ಟಳು, ಕುಡಿದು ಬಂದೆ. ಎಲ್ಲ ಸರಿಯಾಯಿತು ಹೇಳಿ ಬರೆಯಲಾರೆ.

ಕೂಸು, ಅಳಿಯ ಮೊನ್ನೆ ಹೋದರು. ಅಲ್ಲಿ ಹೊಸದು ತೆಗೆದುಕೊಳ್ಳುತ್ತಾರಂತೆ, ಇದು ಇಲ್ಲೇ ಇರಲಿ ಹೇಳಿ ಬಿಟ್ಟು ಹೋಗಿದ್ದಾರೆ. ಗೋಣಿಚೀಲ ಸುತ್ತಿ ನಾಗಂದಿಗೆ ಮೇಲೆ ಇಟ್ಟಿದ್ದೇನೆ, ಬೀಸುವುದಕ್ಕೆ ನಾನೂ ಕಲಿತಿದ್ದೇನೆ. ನಿಮ್ಮ ಮನೆಯಲ್ಲಿ ಉಂಗುರವೋ ಮೂಗುಬೊಟ್ಟೋ ಕಳೆದರೆ ಅದೇ ದಿನ ಬನ್ನಿ. ವಸ್ತು ಮೇಲೇ ಇರುವಾಗ ಸಿಕ್ಕುವ ಹಾದಿ ಇದ್ದು. ಮತ್ತೆ, ಯಾರ ಮೇಲೂ ಒಂದು ಮಾತು ಹೋಗುವುದಕ್ಕೆ ಮುಂಚೆ ಬನ್ನಿ.