ದೇವಗಂಗೆಯಲ್ಲಿ ರಾಜರ ಆಟ

ಹೊಸನಗರ ತಾಲೂಕಿನ ನಗರ ಎಂಬ ಊರು ಒಂದು ಕಾಲಕ್ಕೆ ಬಿದನೂರು. ಕೆಳದಿ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಇಲ್ಲಿಗೆ ರಾಜಧಾನಿ ತಂದರು. 1763ರಲ್ಲಿ ಹೈದರಾಲಿ ಗೆದ್ದುಕೊಳ್ಳುವ ತನಕ ಇಲ್ಲಿಂದಲೇ ಆಳಿದರು. ಆ ಊರಿನ ಹತ್ತಿರ ದೇವಗಂಗೆ ಅಂತ ಒಂದು ಜಾಗ. ಅರಮನೆಯವರ ಜಳಕಕ್ಕೆ, ವಿಹಾರಕ್ಕೆ ಎಂದು ಕಟ್ಟಿಸಿದ ಕಲ್ಲಿನ ಕೊಳಗಳು, ಒಂದೊಂದಕ್ಕೂ ಒಂದೊಂದು ಆಕಾರ. ಗುಡ್ಡದ ಒರತೆ ನೀರು ಒಂದರಿಂದ ಒಂದಕ್ಕೆ ಇಳಿಯುತ್ತದೆ. ಅರಸರು ಹೋದರು, ಅರಮನೆ ಹೋಯಿತು, ನೀರು ಉಳಿಯಿತು. ನಾವು ಬೆಳೆದದ್ದು ಆ ನೀರಿನ ಆಸುಪಾಸಿನಲ್ಲಿ.

ನಾವು ಅಂದರೆ ಕೇರಿಯ ಏಳೆಂಟು ಹುಡುಗರು, ಮೂರ್ನಾಕು ಹುಡುಗಿಯರು. ಅಡಕೆ ಕೊಯ್ಲಿನ ದಿನಗಳಲ್ಲಿ ಅಪ್ಪಂದಿರು ತೋಟದಲ್ಲಿ, ಅವ್ವಂದಿರು ನಡುರಾತ್ರಿವರೆಗೆ ಮೆಟ್ಟುಗತ್ತಿಯ ಮುಂದೆ. ನಮ್ಮನ್ನು ಕೇಳುವವರು ಯಾರು? ಶಾಲೆ ಬಿಟ್ಟರೆ ಸೀದಾ ದೇವಗಂಗೆ. ತೋಟದ ಬದಿಯಲ್ಲಿ ಬಿದ್ದ ಅಡಕೆ ಹಾಳೆಯೇ ನಮ್ಮ ಪಲ್ಲಕ್ಕಿ. ಒಬ್ಬ ರಾಜ ಹಾಳೆಯ ಮೇಲೆ ಕೂರಬೇಕು, ಇಬ್ಬರು ಹಿಡಿದು ದರದರ ಎಳೀಬೇಕು. ಒಂದು ಸುತ್ತು ಮುಗಿದರೆ ರಾಜ ಇಳಿಯಬೇಕು, ಎಳೆದವನು ಹತ್ತಬೇಕು. ಇಳಿಯೋದಿಲ್ಲ ಅಂತ ಹಟ ಹಿಡಿದ ರಾಜನನ್ನು ಹಾಳೆ ಸಮೇತ ಕೆಸರಿಗೆ ಉರುಳಿಸುತ್ತಿದ್ದೆವು. ನಮಗೆ ರಾಜ್ಯಶಾಸ್ತ್ರ ಯಾರೂ ಕಲಿಸಿರಲಿಲ್ಲ.

ಒಂದು ದಿನ ಕಾರಿನಲ್ಲಿ ಬಂದ ಹಿರಿಯರೊಬ್ಬರು ನಮ್ಮ ಕೇರಿ ಯಾವುದೆಂದು ಕೇಳಿ ತಿಳಿದರು. ಆಮೇಲೆ, "ಇದು ದೇವರ ನೀರು ಮಾರಾಯ, ಕಾಲು ಅದ್ದಬೇಡಿ, ಆಚೆ ಹಳ್ಳದಲ್ಲಿ ಆಡಿಕೊಳ್ಳಿ" ಅಂದರು. ಅವರ ಮಕ್ಕಳು ಮಾತ್ರ ಕಾಲು ಇಳಿಬಿಟ್ಟು ಕೂತಿದ್ದರು. ನಾವು ಹಳ್ಳಕ್ಕೆ ಹೋದೆವು. ಕೊಳದ ನೀರು ಹರಿದು ಬರುವುದೂ ಅದೇ ಹಳ್ಳಕ್ಕೆ.

ಕೇರಿಗೆಲ್ಲ ಅಜ್ಜಿಯಾಗಿದ್ದವಳು ಅಂದು ರಾತ್ರಿ ಕೇಳಿಸಿಕೊಂಡು ಅಂದಳು: "ಕೊಳ ತೋಡಿದ್ದು ಯಾರಂತೆ? ದೇವ್ರೇನು ಗುದ್ದಲಿ ಹಿಡ್ಕೊಂಡು ಬಂದಿದ್ನಾ? ಮಣ್ಣು ಹೊರೋವಾಗ ಇಲ್ದಿದ್ದ ಮೈಲಿಗೆ ಈಗೆಲ್ಲಿಂದ ಬಂತು?"

ಮುಂದೆ ನಾವು ಕಾಲೇಜಿಗೆ ಹೋದೆವು. ನಮ್ಮ ಮನೆಗಳಲ್ಲಿ ಆ ಮೆಟ್ಟಿಲು ಹತ್ತಿದ ಮೊದಲಿಗರು ನಾವು. ಅಜ್ಜಿಯ ಪ್ರಶ್ನೆಗೆ ಚರಿತ್ರೆಯ ಪುಸ್ತಕದಲ್ಲಿ ಉತ್ತರ ಹುಡುಕಿದೆವು. ಶಿವಪ್ಪನಾಯಕನ ಶಿಸ್ತು ಸಿಕ್ಕಿತು. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆ ಮಾಡಿ, ಬೆಳೆಯ ಮೂರನೇ ಒಂದು ಪಾಲನ್ನು ಕಂದಾಯ ಎಂದು ಗೊತ್ತು ಮಾಡಿದನಂತೆ. ಮಣ್ಣಿಗೆ ಐದು ದರ್ಜೆ ಇಟ್ಟದ್ದು ಸರಿ. ಆ ಮಣ್ಣನ್ನು ತುಳಿದು ಹದ ಮಾಡಿದವರನ್ನು ಐದನೆಯವರು ಎಂದು ಊರಾಚೆ ಇಟ್ಟದ್ದು ಯಾವ ಶಿಸ್ತು?

ಆಳುಗಳ ಹೆಸರೂ ಸಿಕ್ಕವು, ಎರಡೇ ಎರಡು. ಎಡವ, ಮುರಾರಿ. ಕೆಳದಿಯ ಮೂಲಪುರುಷ ಚೌಡಪ್ಪನ ಮನೆಯ ಆಳುಗಳು. ಐತಿಹ್ಯದ ಪ್ರಕಾರ ಉಳುವಾಗ ನಿಧಿ ಸಿಕ್ಕಿತು, ನಿಧಿ ನರಬಲಿ ಕೇಳಿತು, ಇವರಿಬ್ಬರೂ ತಾವಾಗಿಯೇ ತಲೆ ಕೊಟ್ಟರು. ಕೆಳದಿ ಅರಸರು 'ಎಡವ ಮುರಾರಿ' ಎಂಬುದನ್ನೇ ತಮ್ಮ ಬಿರುದು ಮಾಡಿಕೊಂಡು ಶಾಸನಗಳಲ್ಲಿ ಕೆತ್ತಿಸಿದರು. ತಲೆಯೂ ಅವರದೇ, ಹೆಸರೂ ಅವರದೇ. ಬಿರುದು ಮಾತ್ರ ಒಡೆಯನದು! 'ತಾವಾಗಿಯೇ' ಎಂಬ ಮಾತನ್ನು ನಾವು ನಂಬುವುದಿಲ್ಲ. ಆಳಿಗೆ ಒಲ್ಲೆ ಎನ್ನುವ ಬಾಯಿ ಯಾವಾಗ ಇತ್ತು? ಅಜ್ಜಿಗೆ ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: "ಅವ್ರ ಹೆಂಡ್ರು ಮಕ್ಳು ಎಂಥ ಮಾಡಿದ್ರಂತೆ ಮತ್ತೆ?" ಪುಸ್ತಕದಲ್ಲಿ ಆ ಪುಟ ಇರಲಿಲ್ಲ.

ಬಂಡಾಯ ಈ ಸೀಮೆಗೆ ಹೊಸದಲ್ಲ. 1830-31ರಲ್ಲಿ ನಗರದ ರೈತರು ದಂಗೆ ಎದ್ದರು. ಮೈಸೂರು ದೊರೆಯ ಕೈಯಿಂದ ಆಡಳಿತವೇ ಜಾರಿ ಇಂಗ್ಲಿಷರ ಪಾಲಾಯಿತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯಕ್ಕೆ ಗೇಣಿದಾರರು ಎದುರು ನಿಂತರು. ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯನಾದ. ಒಳ್ಳೆಯದೇ ಆಯಿತು. ಆದರೆ ಗೇಣಿದಾರ ಎಂದು ತೋರಿಸಿಕೊಂಡವನು ಮಾತ್ರ ಉಳುವವನು ಎಂದಾಯಿತು. ಕೂಲಿಗೆ ನೇಗಿಲು ಹಿಡಿದ ನಮ್ಮ ಅಜ್ಜಂದಿರಿಗೆ ತೋರಿಸಲು ಏನಿತ್ತು? ಅಂಗೈಯ ಜಡ್ಡು. ಅದರ ಮೇಲೆ ಯಾವ ಕಚೇರಿ ಮೊಹರು ಒತ್ತುತ್ತದೆ? ಮುಂಚೆಯೂ ಅವರು ಆಳು, ಆಮೇಲೂ ಆಳು.

ಪ್ರವಾಸ ಎಂದು ಮಕ್ಕಳನ್ನು ಕೆಳದಿ, ಇಕ್ಕೇರಿ, ತೀರ್ಥಹಳ್ಳಿ ಕಡೆಯ ಕವಲೇದುರ್ಗ, ನಮ್ಮ ದೇವಗಂಗೆಗೆ ಕರೆದು ತರುವ ಮೇಷ್ಟ್ರೇ, ಅಕ್ಕೋರೇ, ಕಟ್ಟಿಸಿದವರ ಹೆಸರು ಹೇಳಿ, ಬೇಡ ಅನ್ನುವುದಿಲ್ಲ. ಕಟ್ಟಿದವರು ಯಾರು ಎಂಬ ಪ್ರಶ್ನೆಯನ್ನೂ ಮಕ್ಕಳ ಕೈಗೆ ಕೊಡಿ. ಎಲ್ಲ ಕೇರಿಯ ಮಕ್ಕಳೂ ಆ ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಬುತ್ತಿ ಬಿಚ್ಚಲಿ. ದೇವರ ನೀರು ಎಂದು ಯಾರಾದರೂ ಅಡ್ಡ ಬಂದರೆ, ಗುದ್ದಲಿ ಹಿಡಿದವರ ಹೆಸರು ಮೊದಲು ಹೇಳಿ ಎಂದು ಆ ಮಕ್ಕಳೇ ಕೇಳುವಂತಾಗಲಿ.