ಡ್ರೈನ್ ಬೋಲ್ಟಿನ ತೂತು

ಬೂವನಹಳ್ಳಿಯ ಆ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಎಂಜಿನ್ನಿಗೆ ಗುಜರಿಯವನು 3,000 ರೂಪಾಯಿ ಹೇಳಿ ಹೋಗಿದ್ದನಂತೆ. ‘ನಮ್ಮನೆಯವರು ರೇಸಿಗೆ ಅಂತ ಮಾಡಿದ್ದು. ಮದ್ರಾಸಿಗೂ ಒಯ್ದಿದ್ದೆ ಅಂತಿದ್ರು. ಮನೇಲಿ ಯಾರೂ ನಂಬ್ತಿರಲಿಲ್ಲ’ ಎಂದರು ಮನೆಯೊಡತಿ. ಗಂಡ ಹಾಸನದಲ್ಲಿ ಮೆಕ್ಯಾನಿಕ್ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿದೆ. ಈಗ ಕೊಟ್ಟಿಗೆ ಕೆಡವಿ ಕೋಣೆ ಕಟ್ಟಿಸಬೇಕು, ಅದಕ್ಕೇ ಮಾರಾಟ.

ಹಳೆಯ ಬೈಕುಗಳ ಹುಚ್ಚಿರುವವರು ಈ ಮಾತು ಕೇಳಿ ನಗುತ್ತಾರೆ. ಮಾರುವವರ ಬಾಯಲ್ಲಿ ಪ್ರತಿ ಯೆಜ್ಡಿಯೂ ಶೋಳವರಂನಲ್ಲಿ ಓಡಿದ್ದೇ! ಮದ್ರಾಸಿನ ಹತ್ತಿರ ಎರಡನೇ ಮಹಾಯುದ್ಧ ಕಾಲದ ಪಾಳು ರನ್‌ವೇ ಮೇಲೆ ದಶಕಗಳ ಕಾಲ ರೇಸು ನಡೆಯುತ್ತಿತ್ತು. (ಬೂವನಹಳ್ಳಿಯಲ್ಲೂ ವಿಮಾನ ನಿಲ್ದಾಣದ ಕೆಲಸ ನಡೆದಿದೆಯಲ್ಲ, ಅಲ್ಲಿ ಬೈಕು ಬಿಡಲು ಸದ್ಯಕ್ಕೆ ಯಾರೂ ಒಪ್ಪಲಾರರು.)

ಕಿಕ್ಕರೇ ಗೇರ್ ಲಿವರ್ ಆಗುವ ಆ ಏರ್ಪಾಡು ನೋಡಿದ ತಕ್ಷಣ ಮನೆತನ ತಿಳಿಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, 1996ರಲ್ಲಿ ಬಾಗಿಲು ಹಾಕಿದ್ದು. ಸಿಲಿಂಡರ್ ಒಂದೇ, ಹೊಗೆಕೊಳವೆಗೆ ದಾರಿ ಎರಡು. ಅಳೆದರೆ ಬೋರ್ 65 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ, ಸ್ಟ್ರೋಕ್ 75. ಅಂದರೆ 250 ಸಿಸಿಯ ಎಂಜಿನ್ನೇ, ಒಮ್ಮೆ ಬೋರ್ ಮಾಡಿಸಿದ್ದು.

ಆಮೇಲೆ ಸಂಖ್ಯೆ. ಟಾರ್ಚ್ ಅಡ್ಡ ಹಿಡಿದು ನೋಡಬೇಕು. ಅರದಿಂದ ಉಜ್ಜಿ ಮತ್ತೆ ಹೊಡೆದಿದ್ದರೆ ಲೋಹದ ಮೇಲೆ ನೆರಳು ಬೇರೆಯಾಗಿ ಬೀಳುತ್ತದೆ. ಇಲ್ಲಿ ಅಂಥದ್ದಿರಲಿಲ್ಲ. ಟ್ರಂಕಿನಿಂದ ತಂದ ಆರ್‌ಸಿ ಪುಸ್ತಕದಲ್ಲೂ ಅದೇ ಅಂಕಿ. ಇದು ತಾಳೆಯಾಗದಿದ್ದರೆ ಎಂಥ ಎಂಜಿನ್ ಆದರೂ ನಾನು ಎದ್ದು ಬರುವವನೇ.

ಅವರ ಅನುಮತಿ ಪಡೆದು ಹೆಡ್ಡು, ಬ್ಯಾರೆಲ್ ಬಿಚ್ಚಿದೆ. ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟೆಲ್ಲ ಸಿಲಿಂಡರಿನ ಗೋಡೆಯ ಕಿಂಡಿಗಳಲ್ಲಿರುತ್ತದೆ. ಹೊಗೆಕಿಂಡಿಯ ಮೇಲಂಚನ್ನು ಚೂರು ಎತ್ತರಿಸಿದರೆ ಹೆಚ್ಚಿನ ವೇಗದಲ್ಲಿ ಶಕ್ತಿ ಬರುತ್ತದೆ, ಕಡಿಮೆ ವೇಗದಲ್ಲಿ ಹೋಗುತ್ತದೆ. ನನ್ನ ಬಳಿಯಿದ್ದ ಮಾಮೂಲಿ ಬ್ಯಾರೆಲ್ಲಿನ ಅಳತೆಗೆ ಹೋಲಿಸಿದೆ. ಎರಡೂ ಕಿಂಡಿಗಳು ಒಂದೇ ಸಮನಾಗಿ ಎತ್ತರವಾಗಿದ್ದವು, ಅಂಚುಗಳನ್ನು ನಯವಾಗಿ ಮುರಿದಿದ್ದರು. ಪಿಸ್ಟನ್ನಿನ ಲಂಗವನ್ನು ಒಳಕಿಂಡಿಯ ಕಡೆ ಕೊಯ್ದಿದ್ದರು, ಪೆಟ್ರೋಲು ಬೇಗ ಒಳಗೆ ಬರಲೆಂದು. ಅವಸರದ ಕೈಯ ಕೆಲಸವಲ್ಲ.

ಆದರೂ ಇಷ್ಟನ್ನು ಊರ ರಸ್ತೆಯಲ್ಲಿ ಮೆರೆಯುವ ಹುಡುಗರೂ ಮಾಡಿಸುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಕೆಳಗಿನ ಡ್ರೈನ್ ಬೋಲ್ಟು. ಅದರ ತಲೆಗೆ ಅಡ್ಡಲಾಗಿ ಸೂಜಿಗಾತ್ರದ ತೂತು. ಓಟದ ನಡುವೆ ಬೋಲ್ಟು ಸಡಿಲಾಗಿ ಎಣ್ಣೆ ಚೆಲ್ಲಿದರೆ ಹಿಂದೆ ಬರುವವರೆಲ್ಲ ಜಾರಿ ಬೀಳುತ್ತಾರೆ. ಅದಕ್ಕೇ ರೇಸಿನವರು ಅಲ್ಲಿ ತಂತಿ ಪೋಣಿಸಿ ಬಿಗಿಯುತ್ತಾರೆ. ಬಡಾಯಿಗೆ ಬೈಕು ಸಿಂಗರಿಸುವವರು ಯಾರಿಗೂ ಕಾಣದ ಈ ತೂತು ಕೊರೆಯುವ ಗೋಜಿಗೆ ಹೋಗುವುದಿಲ್ಲ.

ಬೆಲೆಯ ವಿಷಯ ಮಾತ್ರ ತಿರುಗುಮುರುಗು. ರೇಸಿಗೆ ಕೊರೆದ ಬ್ಯಾರೆಲ್, ಕೊಯ್ದ ಪಿಸ್ಟನ್ ಸಂತೆಗೆ ಹೋಗುವ ಬೈಕಿಗೆ ನಷ್ಟ, ಎರಡನ್ನೂ ಬದಲಿಸಬೇಕು. ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆ ಎಳೆದು ನೋಡಿದೆ, ಸಣ್ಣಗೆ ‘ಟಿಕ್’ ಎಂದಿತು. ಅಂದರೆ ಬೇರಿಂಗ್ ಖರ್ಚೂ ಬಂತು. ಚೈನು ಕಡಿದು ಬಡಿಯುವ ಜಾಗದಲ್ಲಿ ಕೇಸಿಗೆ ವೆಲ್ಡಿಂಗ್ ಆಗಿರಲಿಲ್ಲ, ಎರಡು ಹೋಳೂ ಮೂಲ ಜೋಡಿಯೇ. ಬೆಲೆ ನಿಲ್ಲುವುದು ಅದರ ಮೇಲೆ. ಶೋಳವರಂನ ಕತೆಗೆ ಸಂಗ್ರಹಕಾರರು ಕೊಡುವ ಹಣ ಬೇರೆ, ಅದಕ್ಕೆ ಫೋಟೋ ಬೇಕು, ರೇಸಿನ ಕಾಗದ ಬೇಕು. ಟ್ರಂಕಿನಲ್ಲಿ ಅವು ಸಿಗಲಿಲ್ಲ. ನನ್ನ ಲೆಕ್ಕ 14,000ಕ್ಕೆ ಬಂದು ನಿಂತಿತು. 4,000 ಎಂದಿದ್ದರೂ ಅವರು ಕೊಡುತ್ತಿದ್ದರು ಎನ್ನುವುದು ನನಗೆ ಗೊತ್ತಿತ್ತು. ಅಳತೆಗಳನ್ನೂ ಮೊತ್ತವನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ.

ಅವರು ಚೀಟಿ ನೋಡಲಿಲ್ಲ. ‘ಹಂಗಾರೆ ಅವರು ಹೇಳಿದ್ದು ನಿಜವಾ?’

‘ರೇಸಿಗೆ ತಯಾರಾಗಿದ್ದು ನಿಜ. ಓಡಿತೋ, ಗೆದ್ದಿತೋ ಇದು ಹೇಳಲ್ಲ’ ಎಂದು ಬೋಲ್ಟು ಬಿಚ್ಚಿ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹಚ್ಚಿ, ‘ದುಡ್ಡಿನ ಮಾತು ಆಮೇಲೆ. ಮೊದಲು ಈ ತೂತಿನ ವಿಷಯ ಅವನಿಗೆ ಹೇಳಿ’ ಎಂದು ನನ್ನ ಕೈಗಿಟ್ಟರು.